ರಿಲೇ ವಾಲ್ವ್ ಬದಲಿಸುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದು ನೋಡಿ

ಟ್ರಕ್ಕಿನ ಏರ್ ಬ್ರೇಕ್‌ನಲ್ಲಿ, ಪೆಡಲ್ ಒತ್ತಿದಾಗ ಹಿಂದಿನ ಚಕ್ರಗಳ ಬ್ರೇಕಿಗೆ ಗಾಳಿ ಬಿಡುವ ರಿಲೇ ವಾಲ್ವ್‌ನ ಅಡಿಯಿಂದ ಗಾಳಿ ಹೋಗುತ್ತಿದೆ ಎಂದು ವಾಲ್ವನ್ನೇ ಬದಲಿಸುವುದು, ಹೊಸ ವಾಲ್ವ್‌ನಿಂದಲೂ ಗಾಳಿ ಹೋದಾಗ ‘ಪೀಸ್ ಸರಿ ಇಲ್ಲ’ ಎಂದು ಅಂಗಡಿಯವನ ಮೇಲೆ ಹಾಕುವುದು ಗ್ಯಾರೇಜುಗಳಲ್ಲಿ ದಿನಾ ನಡೆಯುವ ಕತೆ. ಏರ್ ಬ್ರೇಕ್‌ನಲ್ಲಿ ಗಾಳಿ ಹೊರಬರುವ ಜಾಗ ಒಂದು, ಕೆಟ್ಟಿರುವ ಜಾಗ ಇನ್ನೊಂದು ಆಗಿರಬಹುದು. ಪಾನಾ ಹಿಡಿಯುವ ಮೊದಲು ಹತ್ತು ನಿಮಿಷ ಕಿವಿಗೆ ಕೆಲಸ ಕೊಟ್ಟರೆ ಎಷ್ಟೋ ಖರ್ಚು ಉಳಿಯುತ್ತದೆ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಗಾಳಿಯ ತೇವ ಹೀರುವ ಏರ್ ಡ್ರೈಯರ್ ‘ಫುಸ್’ ಎಂದು ಗಾಳಿ ಬಿಡುವವರೆಗೆ ಎಂಜಿನ್ ಓಡಲಿ. ನಮ್ಮ ಹೆಚ್ಚಿನ ಟ್ರಕ್ಕುಗಳಲ್ಲಿ ಅದು ಸುಮಾರು 8 ಬಾರ್ ಒತ್ತಡಕ್ಕೆ ಆಗುತ್ತದೆ, ಕೆಲವು ಹೊಸ ಮಾದರಿಗಳಲ್ಲಿ ಇನ್ನೂ ಹೆಚ್ಚು. ಎಂಜಿನ್ ನಿಲ್ಲಿಸಿ, ಪೆಡಲ್ ಮುಟ್ಟದೆ ಒಂದು ನಿಮಿಷ ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡಿ. ಆಮೇಲೆ ಪೆಡಲ್ ಪೂರ್ತಿ ಒತ್ತಿಸಿ, ಮೊದಲ ಇಳಿತ ನಿಂತ ಮೇಲೆ ಮತ್ತೊಂದು ನಿಮಿಷ ನೋಡಿ. ಅಮೆರಿಕದಲ್ಲಿ ಭಾರಿ ವಾಹನದ ಲೈಸೆನ್ಸ್ ಪರೀಕ್ಷೆಗೆ ಇಟ್ಟಿರುವ ಇಳಿತದ ಮಿತಿ ಇಲ್ಲೂ ಒಳ್ಳೆಯ ಅಳತೆಗೋಲು: ಒಂಟಿ ಟ್ರಕ್ಕಿಗೆ ಪೆಡಲ್ ಒತ್ತದೆ ನಿಮಿಷಕ್ಕೆ 2 ಪಿಎಸ್‌ಐ, ಒತ್ತಿದಾಗ 3, ಟ್ರೇಲರ್ ಕಟ್ಟಿದ್ದರೆ 3 ಮತ್ತು 4. ಒಂದು ಬಾರ್ ಎಂದರೆ 14.5 ಪಿಎಸ್‌ಐ. ಇಷ್ಟು ಸಣ್ಣ ಇಳಿತ ಡ್ಯಾಶ್‌ಬೋರ್ಡಿನ ಮುಳ್ಳಿನಲ್ಲಿ ಕಾಣುವುದು ಕಷ್ಟ. ಒತ್ತಡ ಅಳೆಯಲೆಂದೇ ಇರುವ ಟೆಸ್ಟ್ ಪಾಯಿಂಟಿಗೆ ಬೇರೆ ಗೇಜ್ ಹಾಕಿ, ಇಲ್ಲವೇ ಐದು ನಿಮಿಷ ಕಾದು ಭಾಗಿಸಿ.

ಎರಡು ಸಲ ನೋಡುವುದಕ್ಕೆ ಕಾರಣವಿದೆ. ಪೆಡಲ್ ಒತ್ತದಿದ್ದಾಗ ಟ್ಯಾಂಕಿನಿಂದ ವಾಲ್ವ್‌ಗಳವರೆಗಿನ ದಾರಿ ಮತ್ತು ಹ್ಯಾಂಡ್‌ಬ್ರೇಕ್ ಲೈನಿನಲ್ಲಿ ಮಾತ್ರ ಗಾಳಿ ಇರುತ್ತದೆ. ಒತ್ತಿದಾಗಷ್ಟೇ ಫುಟ್ ಬ್ರೇಕಿನ ಹೋಸ್‌ಗಳಿಗೆ, ಚಕ್ರದ ಬಳಿಯ ಚೇಂಬರಿನ (ಗಾಳಿಯ ಬಲದಿಂದ ಬ್ರೇಕ್ ತಳ್ಳುವ ಡಬ್ಬಿ) ಒಳಗಿನ ರಬ್ಬರ್ ಡಯಾಫ್ರಮ್‌ಗಳಿಗೆ ಗಾಳಿ ಬರುತ್ತದೆ. ಒತ್ತಿದಾಗ ಮಾತ್ರ ಚೇಂಬರಿನ ಕ್ಲಾಂಪ್ ಅಥವಾ ಮುಂದಿನ ತೂತಿನಿಂದ ಗಾಳಿ ಬಂದರೆ ಡಯಾಫ್ರಮ್ ಹರಿದಿದೆ. ಪೆಡಲ್ ಒತ್ತುವ ಫುಟ್ ವಾಲ್ವ್‌ನ ಅಡಿಯಿಂದ ಒತ್ತದಿದ್ದಾಗಲೂ ಬಂದರೆ ಗಾಳಿಯ ಒಳದಾರಿ ಮುಚ್ಚುವ ಇನ್‌ಲೆಟ್ ಸೀಟಿನ ಮೇಲೆ, ಒತ್ತಿದಾಗ ಮಾತ್ರ ಬಂದರೆ ಹೊರದಾರಿ ಮುಚ್ಚುವ ಎಕ್ಸಾಸ್ಟ್ ಸೀಟಿನ ಮೇಲೆ ಅನುಮಾನ. ರಿಲೇ ವಾಲ್ವ್‌ಗೂ ಇದೇ ಲೆಕ್ಕ. ಆದರೆ ಅಲ್ಲಿ ಇನ್ನೊಂದು ಮೋಸವಿದೆ.

ಹಿಂದಿನ ಆಕ್ಸಲ್‌ನ ಡಬಲ್ ಚೇಂಬರಿನಲ್ಲಿ ಮುಂಭಾಗ ಫುಟ್ ಬ್ರೇಕಿನದು, ಹಿಂಭಾಗ ಹ್ಯಾಂಡ್‌ಬ್ರೇಕಿನ ದೊಡ್ಡ ಸ್ಪ್ರಿಂಗಿನದು. ಹ್ಯಾಂಡ್‌ಬ್ರೇಕ್ ಬಿಟ್ಟಾಗ ಗಾಳಿ ಈ ಸ್ಪ್ರಿಂಗನ್ನು ಒತ್ತಿ ಹಿಡಿದಿರುತ್ತದೆ. ಎರಡು ಕೋಣೆಗಳ ನಡುಗೋಡೆಯಲ್ಲಿ ರಾಡ್ ಸುತ್ತ ಒಂದು ಸೀಲ್ ಇದೆ. ಅದು ಸವೆದರೆ ಹಿಂದಿನ ಕೋಣೆಯ ಗಾಳಿ ಮುಂದಿನ ಕೋಣೆಗೆ ನುಗ್ಗಿ, ಹೋಸಿನಲ್ಲಿ ವಾಪಸ್ ಹರಿದು, ತೆರೆದೇ ಇರುವ ರಿಲೇ ವಾಲ್ವ್‌ನ ಎಕ್ಸಾಸ್ಟ್‌ನಿಂದ ಹೊರಬರುತ್ತದೆ. ಕಳ್ಳ ಚೇಂಬರಿನಲ್ಲಿ, ಏಟು ವಾಲ್ವ್‌ಗೆ.

ಪತ್ತೆ ಮಾಡುವುದು ಸುಲಭ. ಗಾಳಿ ಹೋಗುತ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆಯಿರಿ. ಸದ್ದು ನಿಂತು, ಬಿಟ್ಟೊಡನೆ ಮತ್ತೆ ಶುರುವಾದರೆ ದೋಷ ಚೇಂಬರಿನದು. ಎಳೆದರೂ ನಿಲ್ಲದಿದ್ದರೆ ಮಾತ್ರ ರಿಲೇ ವಾಲ್ವ್ ಬಿಚ್ಚಿ. ಯಾವ ಚೇಂಬರ್ ಎಂದು ತಿಳಿಯಲು, ದಿಮ್ಮಿ ಕೊಟ್ಟೇ ಇದ್ದು, ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದೊಂದೇ ಚೇಂಬರಿನ ಫುಟ್ ಬ್ರೇಕ್ ಹೋಸ್ ಕಳಚಿ. ಹೋಸ್ ಕಳಚಿದಾಗ ಯಾವ ಚೇಂಬರಿನ ಬಾಯಿಂದ ಗಾಳಿ ಊದುತ್ತದೋ ಕೆಟ್ಟಿರುವುದು ಅದೇ. ಈ ಹೊತ್ತಿನಲ್ಲಿ ಕ್ಯಾಬಿನ್‌ನಲ್ಲಿ ಯಾರೂ ಪೆಡಲ್ ಮುಟ್ಟಬಾರದು.

ಹಿಂದಿನ ಕೋಣೆಯನ್ನು ಮಾತ್ರ ರಸ್ತೆ ಬದಿಯಲ್ಲಿ ಬಿಚ್ಚಬೇಡಿ. ಆ ಸ್ಪ್ರಿಂಗಿನ ಒತ್ತಡ ಟನ್ನಿನ ಸಮೀಪ ಇರುತ್ತದೆ. ಎಗರಿದರೆ ಎದುರಿಗಿದ್ದವರ ಜೀವ ಉಳಿಯುವುದು ಕಷ್ಟ. ರಿಲೀಸ್ ಬೋಲ್ಟ್‌ನಿಂದ ಸ್ಪ್ರಿಂಗನ್ನು ಪೂರ್ತಿ ಹಿಂದಕ್ಕೆ ಎಳೆದು, ಇಡೀ ಚೇಂಬರನ್ನೇ ಇಳಿಸಿ ಬೇರೆಯದು ಹಾಕಿ.

ಏರ್ ಏರುತ್ತಲೇ ಇಲ್ಲ ಎಂಬ ದೂರಿಗೆ ಕಂಪ್ರೆಸರ್ ಮೇಲೆ ಹೋಗುವ ಮೊದಲು ಎರಡು ಸರ್ಕ್ಯೂಟುಗಳ ಎರಡೂ ಮುಳ್ಳು ನೋಡಿ. ಒಂದು ಸೊನ್ನೆಯಲ್ಲಿ, ಇನ್ನೊಂದು ಅರ್ಧ ದಾರಿಯಲ್ಲಿ ನಿಂತಿದ್ದರೆ ಕಂಪ್ರೆಸರ್ ಸರಿಯಿದೆ. ಒಂದು ಸರ್ಕ್ಯೂಟಿನಲ್ಲಿ ದೊಡ್ಡ ಸೋರಿಕೆಯಾಗಿ, ಪ್ರೊಟೆಕ್ಷನ್ ವಾಲ್ವ್ ಉಳಿದವನ್ನು ಕಾಪಾಡುತ್ತಿದೆ. ಎರಡೂ ನಿಧಾನವಾಗಿ ಏರಿದರೆ ಕಂಪ್ರೆಸರಿನಿಂದ ಡ್ರೈಯರಿಗೆ ಹೋಗುವ ಪೈಪಿನಲ್ಲಿ ಕಾರ್ಬನ್ ಕಟ್ಟಿದೆಯೇ ನೋಡಿ. ಟ್ಯಾಂಕಿನ ಡ್ರೈನ್‌ನಲ್ಲಿ ಬರೀ ನೀರು ಬಂದರೆ ಡ್ರೈಯರ್ ಕಾರ್ಟ್ರಿಜ್ ಮುಗಿದಿದೆ. ಹಾಲಿನಂಥ ಎಣ್ಣೆ ನೀರು ಬಂದರೆ ಕಂಪ್ರೆಸರಿನ ರಿಂಗುಗಳೂ ಹೋಗಿರಬಹುದು. ಆಗ ಕಾರ್ಟ್ರಿಜ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ.

ಗಾಳಿ ಸರಿಯಿದ್ದೂ ಬ್ರೇಕ್ ಹಿಡಿಯದಿದ್ದರೆ ಚೇಂಬರಿನಿಂದ ಹೊರಬಂದು ಬ್ರೇಕ್ ತಳ್ಳುವ ಪುಷ್ ರಾಡ್ ಎಷ್ಟು ಮುಂದೆ ಬರುತ್ತದೆ ಎಂದು ಅಳೆಯಬೇಕು. ಚೇಂಬರಿನ ಮೇಲಿನ ಸಂಖ್ಯೆ ಅದರ ವಿಸ್ತೀರ್ಣ, ಚದರ ಇಂಚಿನಲ್ಲಿ: 30ರ ಚೇಂಬರ್ 6 ಬಾರ್‌ಗೆ ಸುಮಾರು 1,180 ಕಿಲೋ ಬಲದಿಂದ ತಳ್ಳುತ್ತದೆ. ಆದರೆ ರಾಡ್ ತನ್ನ ಓಟದ ಕೊನೆ ಮುಟ್ಟಿದರೆ ಆ ಬಲ ಸಿಗುವುದಿಲ್ಲ. ರಾಡ್ ಚೇಂಬರಿನಿಂದ ಹೊರಬರುವಲ್ಲಿ ಸೀಮೆಸುಣ್ಣದ ಗುರುತು ಹಾಕಿ, 6ರಿಂದ 7 ಬಾರ್ ಗಾಳಿಯಲ್ಲಿ ಪೆಡಲ್ ಪೂರ್ತಿ ಒತ್ತಿಸಿ ಅಳೆಯಿರಿ. 24ರ ಚೇಂಬರಿಗೆ 45 ಮಿ.ಮೀ., 30ಕ್ಕೆ 51 ಮಿ.ಮೀ. ಕೊನೆಯ ಮಿತಿ, ಲಾಂಗ್ ಸ್ಟ್ರೋಕ್ ಚೇಂಬರಿಗೆ ಲೆಕ್ಕ ಬೇರೆ. ತಣ್ಣಗಿರುವಾಗಲೇ ಮಿತಿಯ ಹತ್ತಿರವಿದ್ದರೆ ಶಿರಾಡಿ ಇಳಿಯುವಾಗ ಡ್ರಮ್ ಕಾದು ಹಿಗ್ಗಿ, ರಾಡ್ ಇನ್ನಷ್ಟು ಮುಂದೆ ಹೋಗುತ್ತದೆ. ಮಂಗಳೂರು ದಾರಿಯ ಗಾಡಿಗಳು ಶೆಡ್ಡಿನಲ್ಲಿ ಪಾಸಾಗಿ ಘಾಟಿಯಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ರಾಡಿನ ಓಟ ಸರಿಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಕೈಯಿಂದ ಟೈಟ್ ಮಾಡುವಂಥದ್ದಾದರೆ, ಚಕ್ರ ಎತ್ತಿ, ಲೈನರ್ ಡ್ರಮ್ಮಿಗೆ ತಾಗುವವರೆಗೆ ಅದರ ಬೋಲ್ಟ್ ತಿರುಗಿಸಿ, ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಸಾಮಾನ್ಯವಾಗಿ ಕಾಲು ಸುತ್ತಿನಿಂದ ಅರ್ಧ ಸುತ್ತು ಸಾಕು. ಬೋಲ್ಟ್ ತಾನೇ ತಿರುಗದಂತೆ ಹಿಡಿಯುವ ಲಾಕ್ ಸ್ಲೀವ್ ಮತ್ತೆ ಮೇಲೆ ಬಂತೇ ಎಂದು ನೋಡಿ. ಆಟೋ ಅಡ್ಜಸ್ಟರನ್ನು ಪದೇಪದೇ ಕೈಯಿಂದ ಟೈಟ್ ಮಾಡುವುದು ಕಾಯಿಲೆ ಮುಚ್ಚಿಡುವ ಕೆಲಸ. ಅಲ್ಲಿ ಕ್ಯಾಮ್‌ಶಾಫ್ಟ್ ಬುಶ್, ರಾಡನ್ನು ಅಡ್ಜಸ್ಟರಿಗೆ ಜೋಡಿಸುವ ಕ್ಲೆವಿಸ್ ಪಿನ್ ಸವೆದಿರುತ್ತವೆ, ಇಲ್ಲವೇ ಅಡ್ಜಸ್ಟರೇ ಹೋಗಿರುತ್ತದೆ. ಒಂದು ಸುತ್ತು ಓಡಿಸಿ ಬಂದು ಡ್ರಮ್ಮುಗಳ ಬಿಸಿ ಹೋಲಿಸಿ. ಎಲ್ಲರೂ ಸುಡುವ ಚಕ್ರವನ್ನೇ ಬಿಚ್ಚುತ್ತಾರೆ. ನೋಡಬೇಕಾದದ್ದು ತಣ್ಣಗಿರುವ ಚಕ್ರವನ್ನೂ. ಅದು ಕೆಲಸ ಮಾಡದ್ದಕ್ಕೇ ಪಕ್ಕದ್ದು ಸುಡುತ್ತಿರಬಹುದು.

ಟ್ರೇಲರಿನಲ್ಲಿ ಕೆಂಪು ಪೈಪ್ ಟ್ಯಾಂಕಿಗೆ ಸದಾ ಗಾಳಿ ತುಂಬುತ್ತದೆ, ಹಳದಿಯದರಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ಗಾಳಿ. ಎರಡನ್ನೂ ಅದಲುಬದಲು ಜೋಡಿಸಿದರೆ ಟ್ಯಾಂಕ್ ತುಂಬುವುದಿಲ್ಲ. ಸ್ಪ್ರಿಂಗ್ ಬ್ರೇಕ್ ಇರುವ ಟ್ರೇಲರ್ ಆದರೆ ಚಕ್ರ ಬಿಡದೆ ತಪ್ಪು ತಾನೇ ಗೊತ್ತಾಗುತ್ತದೆ. ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೆಯದು ಮಾತ್ರ ಸುಮ್ಮನೆ ಹಿಂದೆ ಉರುಳಿಕೊಂಡು ಬರುತ್ತದೆ, ಬ್ರೇಕೇ ಇಲ್ಲದೆ. ಗಾಳಿ ತುಂಬಿದ ಮೇಲೆ ಕೆಂಪು ಪೈಪ್ ಕಳಚಿ ನೋಡಿ: ಟ್ರೇಲರ್ ಬ್ರೇಕ್ ತಕ್ಷಣ ಹಿಡಿಯಬೇಕು. ಹಿಡಿಯದಿದ್ದರೆ ಪೈಪ್ ಕಳಚಿದಾಗ ಬ್ರೇಕ್ ಹಿಡಿಸಬೇಕಾದ ಎಮರ್ಜೆನ್ಸಿ ವಾಲ್ವ್ ಮತ್ತು ಟ್ಯಾಂಕಿನ ಗಾಳಿ, ಎರಡನ್ನೂ ನೋಡಬೇಕು. ಹಿಡಿದರೂ ಅಂಥ ಹಳೆ ಟ್ರೇಲರನ್ನು ಕಳಚಿಟ್ಟು ಹೋಗುವಾಗ ಚಕ್ರಕ್ಕೆ ದಿಮ್ಮಿ ಬೇಕೇ ಬೇಕು. ಟ್ಯಾಂಕಿನ ಗಾಳಿ ಸೋರಿ ಮುಗಿದ ಗಳಿಗೆಗೆ ಆ ಬ್ರೇಕೂ ಮುಗಿಯಿತು.