ಶುಗರ್‌ನ ಲೆಕ್ಕ ತೊಡೆಯಲ್ಲಿದೆ

"ನಾನು ಸಿಹಿ ಮುಟ್ಟಿದವನೇ ಅಲ್ಲ, ನನಗೆ ಹೇಗಪ್ಪಾ ಶುಗರ್ ಬಂತು?" ಎಪ್ಪತ್ತು ದಾಟಿದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅವರ ಮೇಲೆ ಸಿಟ್ಟಿಲ್ಲ. ಶುಗರ್ ಅಂದರೆ ತಿಂದ ಸಿಹಿಗೆ ಸಿಕ್ಕ ಶಿಕ್ಷೆ, ಕಹಿ ರಸ ಕುಡಿದರೆ ಅದು ಕಳೆಯುತ್ತದೆ ಅಂತ ಅವರ ತಲೆಗೆ ತುಂಬಿದವರ ಮೇಲೆ ಸಿಟ್ಟು.

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜು ನೋಡಿ. ಜಗತ್ತಿನಲ್ಲಿ 20ರಿಂದ 24 ವಯಸ್ಸಿನವರಲ್ಲಿ ಮಧುಮೇಹ ಇರುವವರು ನೂರಕ್ಕೆ ಸುಮಾರು ಇಬ್ಬರು. 75ರಿಂದ 79ರವರಲ್ಲಿ ನೂರಕ್ಕೆ 24! ಅಜ್ಜ ಅಜ್ಜಿಯರೇನು ಮೊಮ್ಮಕ್ಕಳ ಹನ್ನೆರಡು ಪಟ್ಟು ಸಿಹಿ ತಿನ್ನುತ್ತಾರಾ?

ಸುಮ್ನೆ ಒಂದು ಲೆಕ್ಕ ಹಾಕಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಡೆಸಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್ ಅಂದರೆ ಇಡೀ ಮೈಗೆ 5 ಗ್ರಾಂ, ಒಂದು ಟೀ ಚಮಚದಷ್ಟು. ಒಂದು ಊಟದಿಂದ ಬರುವುದು ಅದರ ಎಷ್ಟೋ ಪಟ್ಟು. ಅದೆಲ್ಲ ರಕ್ತದಲ್ಲೇ ನಿಲ್ಲುವ ಹಾಗಿಲ್ಲ, ಎಲ್ಲಾದರೂ ಹೋಗಿ ಸೇರಬೇಕು. ಇನ್ಸುಲಿನ್ ಅದರಲ್ಲಿ ದೊಡ್ಡ ಪಾಲನ್ನು ಸ್ನಾಯುಗಳಿಗೆ ಕಳಿಸುತ್ತದೆ. ಸ್ನಾಯು ಒಂದು ಕಣಜ ಅನ್ನಿ. ಆದರೆ ವಿಚಿತ್ರ ಕಣಜ, ಇದರ ಬಾಗಿಲುಗಳು ಗೋಡೆಯಲ್ಲಿಲ್ಲ, ಒಳಗೆ ಮಡಚಿಟ್ಟಿವೆ. ಇನ್ಸುಲಿನ್ ಹೊರಗಿನಿಂದ ಕೂಗಿದರೆ ಗ್ಲುಟ್-4 ಎಂಬ ಬಾಗಿಲುಗಳು ಬಂದು ಗೋಡೆಗೆ ಕೂರುತ್ತವೆ, ಗ್ಲೂಕೋಸ್ ಒಳಗೆ ಹೋಗುತ್ತದೆ. ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ: ಸ್ನಾಯು ದುಡಿಯುತ್ತಿದ್ದರೆ ಆ ಕೂಗೂ ಬೇಡ. ಕುರ್ಚಿಯಿಂದ ನಾಲ್ಕು ಸಲ ಎದ್ದು ಕೂತರೂ ತೊಡೆ ತನ್ನ ಬಾಗಿಲನ್ನು ತಾನೇ ತೆಗೆಯಲು ಶುರುಮಾಡುತ್ತದೆ.

ವಯಸ್ಸಾದಂತೆ ಈ ಕಣಜವೇ ಕುಗ್ಗುತ್ತದೆ. ತೂಕದ ಯಂತ್ರ ಹತ್ತು ವರ್ಷದ ಹಿಂದಿನ ಅಂಕಿಯನ್ನೇ ತೋರಿಸುತ್ತಿರುತ್ತದೆ, ಆದರೆ ಪ್ಯಾಂಟು ತೊಡೆಯಲ್ಲಿ ಸಡಿಲ, ಸೊಂಟದಲ್ಲಿ ಬಿಗಿ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದಿದೆ. ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದಷ್ಟೂ ಕಣಜದ ಕಿವಿ ಮಂದವಾಗುತ್ತದೆ. ಇನ್ಸುಲಿನ್ ಇನ್ನೂ ಜೋರಾಗಿ ಕೂಗಬೇಕು, ಅದನ್ನು ತಯಾರಿಸುವ ಮೇದೋಜೀರಕದ ಕೋಶಗಳಿಗೂ ವಯಸ್ಸಾಗಿರುತ್ತದೆ, ಅಲ್ವಾ?

ಇದು ಹೊಸ ಸುದ್ದಿಯಲ್ಲ. 1936ರಲ್ಲೇ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ಬ್ರಿಟಿಷ್ ವೈದ್ಯ ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಜೊತೆಗೇ ಇನ್ಸುಲಿನ್ ಚುಚ್ಚಿ ನೋಡಿದ್ದ. ಕೆಲವರಲ್ಲಿ ಸಕ್ಕರೆ ಏರಲಿಲ್ಲ. ಇನ್ನು ಕೆಲವರಲ್ಲಿ ಇನ್ಸುಲಿನ್ ಕೊಟ್ಟರೂ ಏರಿತು. ಕೂಗು ಇದೆ, ಕೇಳುವವರಿಲ್ಲ! ತೊಂಬತ್ತು ವರ್ಷ ಆಗುತ್ತಾ ಬಂತು, ನಾವಿನ್ನೂ ಸಿಹಿಯನ್ನೇ ಬೈಯುತ್ತಿದ್ದೇವೆ.

ಉಳಿದ ಕಾರಣಗಳು ನಿಮಗೆ ಗೊತ್ತಿರುವವೇ. ಹೆತ್ತವರಿಗೋ ಒಡಹುಟ್ಟಿದವರಿಗೋ ಇರುವುದು, ಬಿಪಿ, ಸಿಗರೇಟು, ಬಸಿರಿನಲ್ಲಿ ಬಂದು ಹೋದ ಶುಗರ್, ಬಹಳ ದಿನ ನುಂಗಿದ ಸ್ಟೀರಾಯ್ಡ್ ಮಾತ್ರೆ.

ಇನ್ನು "ಮೂತ್ರಕ್ಕೆ ಇರುವೆ ಮುತ್ತಲಿಲ್ಲ, ಹಾಗಾಗಿ ಶುಗರ್ ಇಲ್ಲ" ಅನ್ನುವವರು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರಪಿಂಡ ಅದನ್ನು ಹೊರಗೆ ಬಿಡುವುದಿಲ್ಲ. ವಯಸ್ಸಾದವರಲ್ಲಿ ಈ ಗಡಿ ಇನ್ನೂ ಮೇಲಿರುತ್ತದೆ. ಬಾಯಾರಿಕೆಯೂ ಮಂದ. ಸುಸ್ತು ಬಂದರೆ "ವಯಸ್ಸಾಯ್ತು" ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಎರಡು ಸಲ ಬಂದರೆ ಅದು ಮಧುಮೇಹ. ಇರುವೆಗೆ ಆ ಅಂಕಿ ಓದಲು ಬರುವುದಿಲ್ಲ.

2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ಶುಗರ್‌ನ ಅಂಚಿನಲ್ಲಿದ್ದವರಿಗೆ ತೂಕ ಸ್ವಲ್ಪ ಇಳಿಸಿ, ವಾರಕ್ಕೆ 150 ನಿಮಿಷ ಮೈ ಆಡಿಸಿ ಅಂದಿದ್ದರು. ಹೆಚ್ಚಿನವರು ಮಾಡಿದ್ದು ಬಿರುಸಿನ ನಡಿಗೆ. ಕಾಯಿಲೆ ಬರುವ ಸಾಧ್ಯತೆ ಶೇ. 58 ಇಳಿಯಿತು. 60 ದಾಟಿದವರಲ್ಲಿ ಇಳಿದದ್ದು ಶೇ. 71.