ಪೈಲಟ್ ತರಬೇತಿ: ಯಾವ ದಾರಿ ಏನನ್ನು ಕಲಿಸದೆ ಬಿಡುತ್ತದೆ

ವಿಮಾನಯಾನ ಸಂಸ್ಥೆಯಲ್ಲಿ ಪೈಲಟ್ ಆಗಬೇಕೆಂದು ಹೊರಟ ಯುವಕ ಯುವತಿಯರೂ ಅವರ ಹೆತ್ತವರೂ ನನ್ನನ್ನು ಮೊದಲು ಕೇಳುವುದು ಯಾವ ದಾರಿ ಒಳ್ಳೆಯದು ಎಂದು. ಒಂದೇ ಶಾಲೆಯಲ್ಲಿ ಪೂರ್ಣಾವಧಿಯ ಇಂಟಿಗ್ರೇಟೆಡ್ ಕೋರ್ಸ್ ಮಾಡಬೇಕೋ, ಒಂದೊಂದೇ ಪರವಾನಗಿಯನ್ನು ಹಂತ ಹಂತವಾಗಿ ಪಡೆಯುವ ಮಾಡ್ಯುಲರ್ ಕ್ರಮ ಸಾಕೋ, ಸಂಸ್ಥೆಯೇ ಆರಿಸಿಕೊಂಡು ತರಬೇತಿ ಕೊಡಿಸುವ ಕೆಡೆಟ್ ಯೋಜನೆಗೆ ಕಾಯಬೇಕೋ, ಸೇನೆಯಲ್ಲಿ ಹಾರಿ ಆಮೇಲೆ ಬರುವುದು ಮೇಲೋ ಎಂಬುದು ಅವರ ಗೊಂದಲ. ಈ ಎಲ್ಲ ದಾರಿಗಳಿಂದ ಬಂದವರನ್ನೂ ಸಿಮ್ಯುಲೇಟರ್‌ನಲ್ಲಿ ಬೋಧಕನಾಗಿ, ಪರೀಕ್ಷಕನಾಗಿ ಅವರ ಬೆನ್ನ ಹಿಂದೆ ಕುಳಿತು ನೋಡಿರುವ ನನಗೆ ಆ ಪ್ರಶ್ನೆಗಿಂತ ಇನ್ನೊಂದು ಮುಖ್ಯವೆನಿಸುತ್ತದೆ: ನೀವು ಹಿಡಿಯುವ ದಾರಿ ನಿಮಗೆ ಏನನ್ನು ಕಲಿಸದೆ ಬಿಡುತ್ತದೆ? ಪ್ರತಿ ದಾರಿಯಲ್ಲೂ ಇಂಥದೊಂದು ಕೊರತೆ ಇದ್ದೇ ಇದೆ. ತನ್ನ ಕೊರತೆ ಯಾವುದೆಂದು ಅರಿತು ಅದನ್ನು ತುಂಬಿಕೊಂಡವರನ್ನು ನಾನು ಧೈರ್ಯವಾಗಿ ತೇರ್ಗಡೆ ಮಾಡುತ್ತೇನೆ. ಅವರು ಎಲ್ಲಿ ಕಲಿತರೆಂಬುದು ಆಗ ನನಗೆ ಮುಖ್ಯವಾಗುವುದಿಲ್ಲ.

ಎಲ್ಲ ದಾರಿಗಳಿಗೂ ಅನ್ವಯಿಸುವ ಕನಿಷ್ಠ ಅಳತೆಗಳನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯಾದ ಐಕಾವೋ, ಷಿಕಾಗೊ ಒಡಂಬಡಿಕೆಯ ಮೊದಲನೆಯ ಅನುಬಂಧದಲ್ಲಿ ನಿಗದಿಪಡಿಸಿದೆ. ವಾಣಿಜ್ಯ ಪೈಲಟ್ ಪರವಾನಗಿಗೆ, ಅಂದರೆ ಸಿಪಿಎಲ್‌ಗೆ, 200 ಗಂಟೆಗಳ ಹಾರಾಟ ಬೇಕು. ಮಾನ್ಯತೆ ಪಡೆದ ಕ್ರಮಬದ್ಧ ಕೋರ್ಸ್ ಮುಗಿಸಿದವರಿಗೆ 150 ಸಾಕು. ದೊಡ್ಡ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ 1500 ಗಂಟೆ ಬೇಕು. ಇವೆರಡರ ನಡುವೆ, ಹೊರಗೇನೂ ಕಾಣದಾಗ ಉಪಕರಣಗಳನ್ನಷ್ಟೇ ನೋಡಿ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್, ಇಬ್ಬರು ಪೈಲಟ್‌ಗಳು ಸೇರಿ ಕೆಲಸ ಮಾಡುವುದನ್ನು ಕಲಿಸುವ ಎಂಸಿಸಿ ಕೋರ್ಸ್, ನಿರ್ದಿಷ್ಟ ಮಾದರಿಯ ವಿಮಾನಕ್ಕಾಗಿ ಟೈಪ್ ರೇಟಿಂಗ್, ಕೊನೆಗೆ ಪ್ರಯಾಣಿಕರಿರುವ ವಿಮಾನದಲ್ಲೇ ತರಬೇತಿ ಕ್ಯಾಪ್ಟನ್ ಜೊತೆ ನಡೆಯುವ ಲೈನ್ ಟ್ರೇನಿಂಗ್ ಬರುತ್ತವೆ. ಇವೆಲ್ಲವೂ ಕನಿಷ್ಠ ಅಳತೆಗಳು ಮಾತ್ರ. ಕನಿಷ್ಠವನ್ನೇ ಗುರಿ ಎಂದು ಓದುವ ಅಭ್ಯಾಸ ವಿದ್ಯಾರ್ಥಿಗಳಲ್ಲೂ ಶಾಲೆಗಳಲ್ಲೂ ಇದೆ.

ಮಾಡ್ಯುಲರ್ ಕ್ರಮದಲ್ಲಿ ಕಲಿಯುವವರು ಮೊದಲು ಖಾಸಗಿ ಪೈಲಟ್ ಪರವಾನಗಿ ಪಡೆಯುತ್ತಾರೆ; ಯುರೋಪಿನ ನಿಯಮದಂತೆ ಅದಕ್ಕೆ ಕನಿಷ್ಠ 45 ಗಂಟೆ. ಆಮೇಲೆ ಗಂಟೆಗಳನ್ನು ಕೂಡಿಸುತ್ತಾ, ಸಂಪಾದನೆಯ ಕೆಲಸ ಮಾಡುತ್ತಾ, ಎಟಿಪಿಎಲ್‌ನ 13 ವಿಷಯಗಳ ಲಿಖಿತ ಪರೀಕ್ಷೆಗಳನ್ನು ಪ್ರತಿಯೊಂದರಲ್ಲೂ ಶೇಕಡಾ 75 ಅಂಕಗಳೊಂದಿಗೆ ಮುಗಿಸುತ್ತಾರೆ. ಚಿಕ್ಕ ವಿಮಾನದಲ್ಲಿ ಒಬ್ಬರೇ ಹವಾಮಾನ ವರದಿ ಓದಿ, ಇಂಧನ ಲೆಕ್ಕ ಹಾಕಿ, ಮುಂದೆ ಮೋಡ ಕವಿದಿರುವುದನ್ನು ಕಂಡು ಹಿಂತಿರುಗಲು ತಾವೇ ನಿರ್ಧರಿಸಿದ ಅನುಭವ ಇವರಿಗಿರುತ್ತದೆ. ಈ ದಾರಿಯಲ್ಲಿ ಬೋಧಕರಾಗಿ ದುಡಿದು ಬಂದವರ ಬಗ್ಗೆ ನನಗೆ ವಿಶೇಷ ಗೌರವವಿದೆ. ಇನ್ನೊಬ್ಬರ ಕೈ ತಪ್ಪುವುದನ್ನು ನೋಡುತ್ತಾ, ಯಾವ ಕ್ಷಣದವರೆಗೆ ಸುಮ್ಮನಿರಬಹುದು, ಯಾವಾಗ ಕಂಟ್ರೋಲ್ ತೆಗೆದುಕೊಳ್ಳಬೇಕು ಎಂದು ಅಳೆಯುವುದನ್ನು ಅವರು ಕಲಿತಿರುತ್ತಾರೆ. ಬಿಟ್ಟುಹೋಗುವುದು ಶಿಸ್ತಿನ ನಿರಂತರತೆ. ಮೂರು ನಾಲ್ಕು ಶಾಲೆಗಳಲ್ಲಿ ಕಲಿತಾಗ ಪ್ರತಿ ಶಾಲೆಯ ಅಭ್ಯಾಸವೂ ಒಂದಿಷ್ಟು ಅಂಟಿಕೊಳ್ಳುತ್ತದೆ. ಎಲ್ಲವನ್ನೂ ಒಬ್ಬರೇ ಮಾಡಿ ರೂಢಿಯಾದವರಿಗೆ, ತಾನೇನು ಮಾಡುತ್ತಿದ್ದೇನೆಂದು ಪಕ್ಕದವರಿಗೆ ಬಾಯಿಬಿಟ್ಟು ಹೇಳುವುದು ಮೊದಲಿಗೆ ಕಷ್ಟವಾಗುತ್ತದೆ.

ಇಂಟಿಗ್ರೇಟೆಡ್ ಕೋರ್ಸ್‌ನವರಲ್ಲಿ ಇದಕ್ಕೆ ವಿರುದ್ಧವಾದುದು ಕಾಣುತ್ತದೆ. ಅವರ ಕಾರ್ಯವಿಧಾನ ಅಚ್ಚುಕಟ್ಟಾಗಿರುತ್ತದೆ, ಚೆಕ್‌ಲಿಸ್ಟ್ ಎಲ್ಲೂ ತಪ್ಪುವುದಿಲ್ಲ. ಆದರೆ ಕೈಪಿಡಿಯಲ್ಲಿ ಉತ್ತರವಿಲ್ಲದ ಸಮಸ್ಯೆಯನ್ನು ನಾನು ಸಿಮ್ಯುಲೇಟರ್‌ನಲ್ಲಿ ಒಡ್ಡಿದಾಗ ಕೆಲವರು ಪುಟ ತಿರುವುತ್ತಲೇ ಉಳಿಯುತ್ತಾರೆ. ಈ ಗುಣದೋಷಗಳು ಎಂಪಿಎಲ್ ಎಂಬ ಪರವಾನಗಿಯಲ್ಲಿ ಇನ್ನಷ್ಟು ಎದ್ದು ಕಾಣುತ್ತವೆ. ಐಕಾವೋ 2006ರಲ್ಲಿ ಜಾರಿಗೆ ತಂದ ಈ ಪರವಾನಗಿಗೆ ನಿಜವಾದ ಹಾರಾಟವೂ ಸಿಮ್ಯುಲೇಟರ್ ಅವಧಿಯೂ ಸೇರಿ ಕನಿಷ್ಠ 240 ಗಂಟೆ ಬೇಕು. ಇದನ್ನು ಪಡೆದವರು ಇಬ್ಬರು ಪೈಲಟ್‌ಗಳ ವಿಮಾನದಲ್ಲಿ ಸಹ ಪೈಲಟ್ ಆಗಿ ಮಾತ್ರ ಹಾರಬಲ್ಲರು. ಗಂಟೆಗಳನ್ನು ಎಣಿಸುವುದಕ್ಕಿಂತ ಸಾಮರ್ಥ್ಯವನ್ನು ಅಳೆಯಬೇಕೆಂಬ ಅದರ ತತ್ತ್ವವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮತ್ತು ತರಬೇತಿಯ ಆರಂಭದಿಂದಲೇ ಜೋಡಿಯಾಗಿ ಯೋಚಿಸಲು ಕಲಿತವರ ಸಂವಹನ ಬಹಳ ಚೆನ್ನಾಗಿರುವುದನ್ನು ಕಂಡಿದ್ದೇನೆ. ಒಬ್ಬರೇ ಹಾರಿದ ಗಂಟೆಗಳು ಕಡಿಮೆ ಎಂಬ ಕೊರತೆಯ ಜೊತೆಗೆ ಇನ್ನೊಂದು ಅಪಾಯವೂ ಇಲ್ಲಿದೆ: ತರಬೇತಿ ಒಂದು ಸಂಸ್ಥೆಯ ವಿಮಾನಕ್ಕೂ ವಿಧಾನಕ್ಕೂ ಕಟ್ಟುಬಿದ್ದಿರುವುದರಿಂದ, ಆ ಸಂಸ್ಥೆ ನಡುವೆ ಕೈಬಿಟ್ಟರೆ ಅಭ್ಯರ್ಥಿಗೆ ಬೇರೆಡೆ ಹೋಗುವುದು ಕಷ್ಟ.

ಸೇನೆಯಿಂದ ಬರುವವರ ಕೈಚಳಕದ ಬಗ್ಗೆ ಹೇಳಬೇಕಾದದ್ದೇನೂ ಇಲ್ಲ. ಸಾರಿಗೆ ವಿಮಾನ ಹಾರಿಸಿದವರು ಬೇಗ ಹೊಂದಿಕೊಳ್ಳುತ್ತಾರೆ. ಒಂಟಿ ಆಸನದ ಯುದ್ಧ ವಿಮಾನದಿಂದ ಬಂದವರಿಗೆ, ತಮಗಿಂತ ಕಿರಿಯ ಸಹ ಪೈಲಟ್ ತಮ್ಮ ನಿರ್ಧಾರವನ್ನು ಪ್ರಶ್ನಿಸುವುದು ವ್ಯವಸ್ಥೆಯ ಭಾಗವೇ ಎಂಬುದು ಒಗ್ಗಲು ಸಮಯ ಬೇಕಾಗುತ್ತದೆ.

ಗಂಟೆಗಳ ಚರ್ಚೆ ಬಂದಾಗಲೆಲ್ಲ ಉಲ್ಲೇಖವಾಗುವುದು 2009ರ ಫೆಬ್ರುವರಿ 12ರಂದು ಅಮೆರಿಕದ ಬಫಲೊ ಬಳಿ ನಡೆದ ಕೋಲ್ಗನ್ ಏರ್ 3407 ವಿಮಾನದ ಅಪಘಾತ. ವಿಮಾನದಲ್ಲಿದ್ದ 49 ಮಂದಿ ಮತ್ತು ನೆಲದ ಮೇಲಿದ್ದ ಒಬ್ಬರು ಸತ್ತರು. ಆ ದುರಂತದ ನಂತರ ಬಂದ ಕಾನೂನಿನಂತೆ 2013ರಿಂದ ಅಲ್ಲಿ ಸಹ ಪೈಲಟ್‌ಗೂ 1500 ಗಂಟೆಗಳ ಅನುಭವ ಕಡ್ಡಾಯವಾಯಿತು; ಸೇನೆಯಿಂದ ಬಂದವರಿಗೆ 750, ಮಾನ್ಯತೆ ಪಡೆದ ವಿಮಾನಯಾನ ಪದವಿ ಇದ್ದವರಿಗೆ 1000 ಎಂಬ ರಿಯಾಯಿತಿಗಳಿವೆ. ಆದರೆ ಆ ವಿಮಾನದ ಕ್ಯಾಪ್ಟನ್‌ಗೆ 3000ಕ್ಕೂ ಹೆಚ್ಚು, ಸಹ ಪೈಲಟ್‌ಗೆ 2000ಕ್ಕೂ ಹೆಚ್ಚು ಗಂಟೆಗಳ ಅನುಭವವಿತ್ತು. ವೇಗ ಕುಸಿಯುತ್ತಿರುವುದನ್ನು ಇಬ್ಬರೂ ಗಮನಿಸಲಿಲ್ಲ. ವೇಗ ಅಪಾಯದ ಮಟ್ಟಕ್ಕೆ ತಗ್ಗಿದಾಗ ನಿಯಂತ್ರಣ ದಂಡವನ್ನು ನಡುಗಿಸುವ ಸ್ಟಿಕ್ ಶೇಕರ್ ಎಚ್ಚರಿಸಿದಾಗ ಮೂತಿಯನ್ನು ಕೆಳಗಿಳಿಸುವ ಬದಲು ಕ್ಯಾಪ್ಟನ್ ಮೇಲಕ್ಕೆಳೆದರು. ಅದೇ ವರ್ಷದ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447ರಲ್ಲಿ 228 ಮಂದಿ ತೀರಿಕೊಂಡರು. ಅಲ್ಲಿದ್ದ ಮೂವರು ಪೈಲಟ್‌ಗಳ ಅನುಭವವನ್ನು ಕೂಡಿಸಿದರೆ 20,000 ಗಂಟೆ ದಾಟುತ್ತದೆ. ವೇಗ ಅಳೆಯುವ ಪಿಟೊ ನಳಿಕೆಗಳಲ್ಲಿ ಮಂಜುಗಡ್ಡೆಯ ಹರಳುಗಳು ಸೇರಿ, ಆಟೋಪೈಲಟ್ ಕಳಚಿಕೊಂಡಾಗ, ಅಲ್ಲಿಯೂ ಮೂತಿ ಮೇಲಕ್ಕೇರಿತು, ವಿಮಾನ ಸ್ಟಾಲ್ ಆಯಿತು, ಅಂದರೆ ರೆಕ್ಕೆಗಳು ಅದನ್ನು ಎತ್ತಿ ಹಿಡಿಯುವ ಬಲ ಕಳೆದುಕೊಂಡವು, ಮತ್ತು ಆ ಸ್ಥಿತಿಯಿಂದ ಅದು ಹೊರಬರಲಿಲ್ಲ.

ಎರಡೂ ಘಟನೆಗಳಲ್ಲಿ ಗಂಟೆಗಳಿದ್ದವು. ಇಲ್ಲದಿದ್ದದ್ದು ಸರಿಯಾದ ಒಂದು ತರಬೇತಿ. ಆಗಿನ ಸಿಮ್ಯುಲೇಟರ್ ಪರೀಕ್ಷೆಗಳಲ್ಲಿ ಸ್ಟಾಲ್‌ನ ಅಂಚಿಗೆ ಬಂದ ವಿಮಾನವನ್ನು ಎತ್ತರ ಕಳೆದುಕೊಳ್ಳದಂತೆ ಚೇತರಿಸಿಕೊಳ್ಳಿ ಎಂದೇ ಒತ್ತು ಕೊಡಲಾಗುತ್ತಿತ್ತು. ಎತ್ತರ ಉಳಿಸುವವರಿಗೆ ಅಂಕ ಸಿಕ್ಕರೆ ಕೈ ತಾನಾಗಿ ಹಿಂದಕ್ಕೆಳೆಯುವುದನ್ನು ಕಲಿಯುತ್ತದೆ. ರೆಕ್ಕೆಗೆ ಗಾಳಿ ತಾಗುವ ಕೋನವನ್ನು ಮೊದಲು ತಗ್ಗಿಸಿ, ಎತ್ತರದ ಚಿಂತೆ ಆಮೇಲೆ ಎಂದು ಇಂದು ಕಲಿಸುತ್ತೇವೆ. ಇಬ್ಬರು ಪೈಲಟ್‌ಗಳ ವಿಮಾನದ ಮೊದಲ ಟೈಪ್ ರೇಟಿಂಗ್‌ಗೆ ಮುಂಚೆ ಯುಪಿಆರ್‌ಟಿ ಎಂಬ, ವಿಮಾನ ಹಿಡಿತ ತಪ್ಪದಂತೆ ತಡೆಯುವುದನ್ನೂ ತಪ್ಪಿದರೆ ಚೇತರಿಸಿಕೊಳ್ಳುವುದನ್ನೂ ಕಲಿಸುವ ಮುಂದುವರಿದ ಕೋರ್ಸ್ ಯುರೋಪಿನಲ್ಲಿ 2019ರ ಡಿಸೆಂಬರ್‌ನಿಂದ ಕಡ್ಡಾಯವಾಗಿದೆ: ಐದು ಗಂಟೆಗಳ ಪಾಠ, ನಿಜವಾದ ವಿಮಾನದಲ್ಲಿ ಮೂರು ಗಂಟೆಗಳ ಹಾರಾಟ. ವಿಮಾನ ತಲೆಕೆಳಗಾದಾಗ, ದೇಹದ ಭಾರ ಇಲ್ಲವಾದಾಗ ಮನಸ್ಸು ಹೇಗೆ ಮಂಕಾಗುತ್ತದೆ ಎಂಬುದನ್ನು ಒಮ್ಮೆಯಾದರೂ ಅನುಭವಿಸಿದವರ ವರ್ತನೆ ಬೇರೆಯೇ. ಅಮೆರಿಕದ ಹೊಸ ಕಾನೂನಿನ ಭಾಗವಾಗಿ ಬಂದ ಸ್ಟಾಲ್ ತರಬೇತಿ ಮತ್ತು ಪೈಲಟ್ ದಾಖಲೆಗಳ ಭಂಡಾರ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಹೆಚ್ಚು ಪ್ರಚಾರ ಪಡೆದದ್ದು ಮಾತ್ರ 1500 ಎಂಬ ಸಂಖ್ಯೆ. ಗಂಟೆಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಬಿರುಗಾಳಿಯನ್ನು ಸುತ್ತುಹಾಕಿದ, ಇನ್ನೊಂದು ನಿಲ್ದಾಣಕ್ಕೆ ತಿರುಗಿಸಿದ ನೆನಪುಗಳಿಗೆ ಬದಲಿ ಇಲ್ಲ. ಆದರೆ ಲಾಗ್‌ಬುಕ್ಕಿನ ಅಂಕಿ ಆ ನೆನಪುಗಳು ಇವೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ.

ಪರವಾನಗಿ ಸಿಕ್ಕ ಮೇಲೆ ಈ ವೃತ್ತಿಯ ಮಾನದಂಡಗಳು ನಿಜವಾಗಿ ಶುರುವಾಗುತ್ತವೆ. ಪೈಲಟ್ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆಗೆ ಒಳಗಾಗುತ್ತಾರೆ. ಕೈಯಿಂದ ಹಾರಿಸುವ ಕೌಶಲವಷ್ಟೇ ಅಲ್ಲದೆ ಸಂವಹನ, ಪರಿಸ್ಥಿತಿಯ ಅರಿವು, ನಿರ್ಧಾರ, ಕೆಲಸದ ಹೊರೆಯ ನಿರ್ವಹಣೆ ಇವೆಲ್ಲವನ್ನೂ ನಾವು ಬೇರೆ ಬೇರೆಯಾಗಿ ಅಳೆಯುತ್ತೇವೆ. ಈ ಅಳತೆಯ ಹಿಂದೆ ನೋವಿನ ಇತಿಹಾಸವಿದೆ. 1978ರ ಡಿಸೆಂಬರ್‌ನಲ್ಲಿ ಯುನೈಟೆಡ್ 173 ವಿಮಾನ ಪೋರ್ಟ್‌ಲ್ಯಾಂಡ್ ಬಳಿ ಇಂಧನ ಮುಗಿದು ಬಿತ್ತು. ಗಾಲಿಯ ದೋಷದಲ್ಲೇ ಕ್ಯಾಪ್ಟನ್ ಮುಳುಗಿದ್ದರು, ಇಂಧನ ತೀರುತ್ತಿದೆಯೆಂದು ಜೊತೆಗಿದ್ದವರು ಗಟ್ಟಿಯಾಗಿ ಹೇಳಲಿಲ್ಲ. ಸಿಆರ್‌ಎಂ ಎಂದು ಇಂದು ಎಲ್ಲೆಡೆ ಕಲಿಸುವ ಸಹಕಾರದ ತರಬೇತಿ ಬೆಳೆದು ಬಂದದ್ದು ಇಂಥ ಅಪಘಾತಗಳ ಪಾಠದಿಂದ. 10,000 ಅಡಿಗಿಂತ ಕೆಳಗೆ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧಿಸದ ಮಾತು ಬೇಡ ಎಂಬ ನಿಯಮ ಅಮೆರಿಕದಲ್ಲಿ 1981ರಲ್ಲೇ ಬಂದಿತ್ತು. ಕೋಲ್ಗನ್ ವಿಮಾನದಲ್ಲಿ ಅದೂ ಪಾಲನೆಯಾಗಿರಲಿಲ್ಲ.

ಯಾವ ಸಿಮ್ಯುಲೇಟರ್‌ನಲ್ಲೂ ಅಳೆಯಲಾಗದ ಮಾನದಂಡವೊಂದಿದೆ. ನಾನು ಇಂದು ಹಾರಲು ಯೋಗ್ಯನಲ್ಲ ಎಂದು ಸಂಸ್ಥೆಗೆ ಫೋನ್ ಮಾಡಿ ಹೇಳುವ ಹೊಣೆ ಪ್ರತಿ ಪೈಲಟ್‌ನ ಮೇಲಿದೆ. ನಿದ್ದೆ ಆಗಿಲ್ಲದಿರಬಹುದು, ಔಷಧಿ ತೆಗೆದುಕೊಂಡಿರಬಹುದು, ಮನಸ್ಸು ಕುಸಿದಿರಬಹುದು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹ ಪೈಲಟ್ಟೇ ಬೆಟ್ಟಕ್ಕೆ ಅಪ್ಪಳಿಸಿದಾಗ 150 ಜನರು ಸತ್ತರು. ತನ್ನ ಅನಾರೋಗ್ಯವನ್ನು ಆತ ಸಂಸ್ಥೆಯಿಂದ ಮುಚ್ಚಿಟ್ಟಿದ್ದ. ಆ ಬಳಿಕ ಯುರೋಪ್, ಪೈಲಟ್‌ಗಳು ಸಹೋದ್ಯೋಗಿಗಳ ಬಳಿ ಗೋಪ್ಯವಾಗಿ ಕಷ್ಟ ಹೇಳಿಕೊಳ್ಳಬಹುದಾದ ನೆರವಿನ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಹೇಳಿಕೊಂಡರೆ ವೈದ್ಯಕೀಯ ಪ್ರಮಾಣಪತ್ರ ಹೋಗುತ್ತದೆ, ಅದು ಹೋದರೆ ಸಂಬಳ ಹೋಗುತ್ತದೆ ಎಂಬ ಭಯ ಇರುವವರೆಗೆ ಜನರು ಮುಚ್ಚಿಡುತ್ತಾರೆ. ಆ ಭಯವನ್ನು ತಗ್ಗಿಸುವುದು ಸಂಸ್ಥೆಗಳ ಕರ್ತವ್ಯ.

ತರಬೇತಿಯ ದಾರಿಯ ಆಯ್ಕೆಗೂ ಈ ಮಾನದಂಡಕ್ಕೂ ಹಣದ ಮೂಲಕ ನೇರ ಸಂಬಂಧವಿದೆ. ಹೊರಲಾರದ ಸಾಲದೊಂದಿಗೆ ಕಾಕ್‌ಪಿಟ್‌ಗೆ ಬಂದ ಪೈಲಟ್‌ಗೆ ರಜೆ ಹೇಳುವುದು ಕಷ್ಟ. ಹಾರಿದ ಗಂಟೆಗಳಿಗೆ ಮಾತ್ರ ಸಂಬಳ ಸಿಗುವ ಕರಾರಿನಲ್ಲಿ ಇನ್ನೂ ಕಷ್ಟ. ಪ್ರಯಾಣಿಕರಿರುವ ವಿಮಾನದಲ್ಲಿ ಹಾರಲು ಪೈಲಟ್‌ನಿಂದಲೇ ಹಣ ಪಡೆಯುವ ಪದ್ಧತಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಆದುದರಿಂದ ಕೋರ್ಸ್‌ಗೆ ಹಣ ಕಟ್ಟುವ ಮೊದಲು ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ಪೂರ್ತಿ ಶುಲ್ಕವನ್ನು ಒಂದೇ ಕಂತಿನಲ್ಲಿ ಕೇಳುವ ಶಾಲೆಯನ್ನು ಅದರ ವಿಮಾನಗಳೆಷ್ಟು, ಕಾಯಂ ಬೋಧಕರೆಷ್ಟು, ಕಳೆದ ತಂಡದವರು ಎಷ್ಟು ಸಮಯದಲ್ಲಿ ಮುಗಿಸಿದರು ಎಂದು ಬರವಣಿಗೆಯಲ್ಲಿ ಕೇಳಿ. ಮಾಡ್ಯುಲರ್ ಕ್ರಮದವರು ಇನ್‌ಸ್ಟ್ರುಮೆಂಟ್ ರೇಟಿಂಗನ್ನೂ ಎಂಸಿಸಿಯನ್ನೂ ಸಾಧ್ಯವಾದರೆ ಒಂದೇ ಒಳ್ಳೆಯ ಶಾಲೆಯಲ್ಲಿ ಮಾಡಲಿ. ಎಂಸಿಸಿಯ ಕನಿಷ್ಠ ಅವಧಿಗಿಂತ ದೀರ್ಘವಾದ ಎಪಿಎಸ್ ಎಂಸಿಸಿ ಸಿಗುವಲ್ಲಿ ಅದನ್ನೇ ಆರಿಸಲಿ. ಇಂಟಿಗ್ರೇಟೆಡ್ ಮತ್ತು ಎಂಪಿಎಲ್‌ನವರು ನಿಯಮಗಳು ಅನುಮತಿಸುವ ಮಟ್ಟಿಗೆ ಗ್ಲೈಡರ್ ಅಥವಾ ಚಿಕ್ಕ ವಿಮಾನ ಹಾರಿಸುವುದನ್ನು ಬಿಡದಿರಲಿ. ಸಾಲದ ಕರಾರಿಗೆ ಸಹಿ ಹಾಕುವ ಮುನ್ನ, ವೈದ್ಯಕೀಯ ಕಾರಣದಿಂದ ಪರವಾನಗಿ ಹೋದರೆ ಕಂತುಗಳು ಏನಾಗುತ್ತವೆ ಎಂಬ ಷರತ್ತನ್ನು ಓದಿ, ಅದಕ್ಕೆ ವಿಮೆ ಇದೆಯೇ ಎಂದು ವಿಚಾರಿಸಿಕೊಳ್ಳಿ.