ಡ್ರೈವರ್‌ಗಳನ್ನು ಶೇರ್ಡ್ ಡ್ರೈವ್‌ನಿಂದಲೇ ಲೋಡ್ ಮಾಡಬಹುದಾ?

ಪ್ರಶ್ನೆ: ಸರ್, ನಮ್ದು ಚಿಕ್ಕಮಗಳೂರಲ್ಲಿ ಕಾಫಿ ಕ್ಯೂರಿಂಗ್ ಆಫೀಸು. ಸರ್ವರ್‌ನ ಒಂದು ಫೋಲ್ಡರ್ ಎಲ್ಲ ಕಂಪ್ಯೂಟರಲ್ಲೂ ಝಡ್ ಡ್ರೈವ್ ಅಂತ ಕಾಣುತ್ತೆ. ತೂಕದ ಮಷೀನಿಗೆ ಹಾಕೋ ಯುಎಸ್‌ಬಿ ಸೀರಿಯಲ್ ಕೇಬಲ್‌ನ ಡ್ರೈವರ್ ಅಲ್ಲೇ ಇಟ್ಟು, ಎಲ್ಲ ಕಂಪ್ಯೂಟರೂ ಅಲ್ಲಿಂದಲೇ ಲೋಡ್ ಮಾಡ್ಕೊಳ್ಳೋ ಹಾಗೆ ಮಾಡಬಹುದಾ? ಅಪ್‌ಡೇಟ್ ಬಂದಾಗ ಒಂದೇ ಕಡೆ ಬದಲಾಯಿಸಿದ್ರೆ ಸಾಕಲ್ವಾ?

ಉತ್ತರ: ಹಾಸನದ ಕಡೆ ಕಾಲೇಜು ಲ್ಯಾಬ್ ನೋಡಿಕೊಳ್ಳುವವರೂ ಇದನ್ನೇ ಕೇಳುತ್ತಾರೆ. ಡ್ರೈವರ್ (ಸಾಧನವನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್) ಫೈಲ್‌ಗಳನ್ನು ಶೇರ್ಡ್ ಡ್ರೈವ್‌ನಲ್ಲಿ ಇಡಿ, ಅಲ್ಲಿಂದಲೇ ಎಲ್ಲರಿಗೂ ಹಂಚಿ, ತೊಂದರೆಯಿಲ್ಲ. ಆದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಅದನ್ನು ಲೋಡ್ ಮಾಡಿಕೊಳ್ಳುವುದು ಆಯಾ ಕಂಪ್ಯೂಟರಿನ ಸ್ವಂತ ಡಿಸ್ಕ್‌ನಿಂದಲೇ ಆಗಬೇಕು. ಹಂಚುವುದು ಬೇರೆ, ಲೋಡ್ ಮಾಡುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಗೊಂದಲ ಶುರುವಾಗುವುದು.

ಮೊದಲು ಆ ಝಡ್ ಡ್ರೈವ್ ವಿಷಯ ನೋಡೋಣ. ಅದು ಕಂಪ್ಯೂಟರಿನದ್ದಲ್ಲ, ಲಾಗಿನ್ ಆದ ವ್ಯಕ್ತಿಯದ್ದು. ನೀವು ಪಾಸ್‌ವರ್ಡ್ ಹೊಡೆದು ಒಳಗೆ ಬಂದ ಮೇಲೆ, ನಿಮ್ಮ ಲಾಗಿನ್ ಸೆಷನ್‌ಗೆ ಮಾತ್ರ ವಿಂಡೋಸ್ ಆ ಅಕ್ಷರವನ್ನು ಜೋಡಿಸುತ್ತದೆ. ಡ್ರೈವರ್ ಲೋಡ್ ಮಾಡುವುದು ನೀವಲ್ಲ, ಸಿಸ್ಟಮ್. ಅದಕ್ಕೆ ನಿಮ್ಮ ಝಡ್ ಡ್ರೈವ್ ಕಾಣುವುದೇ ಇಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಡ್ರೈವರಿನ ಜಾಗ ಝಡ್ ಡ್ರೈವ್ ಎಂದು ಬರೆದರೆ ಫೈಲ್ ಸಿಗುತ್ತಿಲ್ಲ ಎಂಬ ಎರರ್ ಬರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಫೈಲ್ ಅಲ್ಲೇ ಇರುತ್ತದೆ! ಎಷ್ಟೋ ಜನ ಇಲ್ಲೇ ಅರ್ಧ ದಿನ ಕಳೆಯುತ್ತಾರೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಸಾಮಾನ್ಯವಾಗಿ ಝಡ್ ಕಾಣುವುದಿಲ್ಲ. ಅದೂ ಬೇರೆಯೇ ಸೆಷನ್.

ಹಾಗಾದರೆ ಅಕ್ಷರ ಬಿಟ್ಟು ಸರ್ವರ್ ಹೆಸರಿನ ಪೂರ್ತಿ ಪಾತ್ ಕೊಟ್ಟರೆ? ಆಗಲೂ ಕಷ್ಟವೇ. ಶೇರ್ಡ್ ಫೋಲ್ಡರ್ ತೆರೆಯಬೇಕಾದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಎದ್ದಿರಬೇಕು, ನೆಟ್‌ವರ್ಕಿನ ಮಾತುಕತೆ ನಡೆಸುವ ಟಿಸಿಪಿ ಐಪಿ ಎದ್ದಿರಬೇಕು, ಫೈಲ್ ಶೇರಿಂಗಿನ ಎಸ್‌ಎಂಬಿ ಡ್ರೈವರೂ ಎದ್ದಿರಬೇಕು. ಇವೆಲ್ಲವೂ ಡ್ರೈವರ್‌ಗಳೇ. ಡ್ರೈವರ್ ತರಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್‌ಗೆ ಡ್ರೈವರ್ ಬೇಕು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದರಲ್ಲೂ ಬೂಟ್ ಹೊತ್ತಿಗೇ ಬೇಕಾಗುವ ಡ್ರೈವರ್‌ಗಳನ್ನು ಕರ್ನಲ್ ಏಳುವ ಮೊದಲೇ ಬೂಟ್ ಲೋಡರ್ ಓದಿಕೊಳ್ಳುತ್ತದೆ. ಆ ಹೊತ್ತಿಗೆ ಶೇರ್ಡ್ ಫೋಲ್ಡರ್ ಅನ್ನುವುದೇ ಇರುವುದಿಲ್ಲ. ನೆಟ್‌ವರ್ಕಿನಿಂದಲೇ ಬೂಟ್ ಆಗುವ ಪಿಎಕ್ಸ್‌ಇ ವ್ಯವಸ್ಥೆ ಇದೆಯಲ್ಲ ಅನ್ನಬಹುದು. ಅಲ್ಲಿ ನೆಟ್‌ವರ್ಕ್ ಕಾರ್ಡಿನೊಳಗೇ ಇರುವ ಫರ್ಮ್‌ವೇರ್ ಮೊದಲು ಒಂದು ಚಿಕ್ಕ ಬೂಟ್ ಲೋಡರನ್ನು ತರಿಸುತ್ತದೆ, ಅದು ಕರ್ನಲನ್ನೂ ಒಂದು ಚಿಕ್ಕ ಆರಂಭದ ಫೈಲ್ ಸಿಸ್ಟಮನ್ನೂ ಮೆಮೊರಿಗೆ ಇಳಿಸುತ್ತದೆ. ಬೇಕಾದ ನೆಟ್‌ವರ್ಕ್ ಡ್ರೈವರ್ ಅದರೊಳಗೇ ಇರುತ್ತದೆ. ಸಾಮಾನ್ಯ ಶೇರ್ಡ್ ಫೋಲ್ಡರಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ನಮ್ಮ ಮಲೆನಾಡಿನ ಮಳೆಗಾಲ. ಮರ ಬಿದ್ದು ಲೈನ್ ಹೋಗುತ್ತದೆ, ಯುಪಿಎಸ್ ಸ್ವಲ್ಪ ಹೊತ್ತು ತಡೆದು ಕೈ ಎತ್ತುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಆನ್. ತೂಕದ ಮಷೀನ್ ಪಕ್ಕದ ಕಂಪ್ಯೂಟರ್ ಬೇಗ ಎದ್ದು ಕೂರುತ್ತದೆ, ಸರ್ವರ್ ಇನ್ನೂ ಡಿಸ್ಕ್ ಚೆಕ್ ಮಾಡುತ್ತಿರುತ್ತದೆ. ಡ್ರೈವರ್ ಸರ್ವರಿನಲ್ಲೇ ಇದೆ ಎಂದಾದರೆ ಆ ಕೇಬಲ್ ಕಂಪ್ಯೂಟರಿಗೆ ಕಾಣುವ ಕಾಮ್ ಪೋರ್ಟ್ ಬರುವುದಿಲ್ಲ, ಸ್ಕ್ರೀನಿನಲ್ಲಿ ತೂಕ ಬರುವುದಿಲ್ಲ, ಹೊರಗೆ ಕಾಫಿ ಮೂಟೆ ತುಂಬಿದ ಲಾರಿಗಳು ಕಾಯುತ್ತಿರುತ್ತವೆ. ಡ್ರೈವರ್ ಆಯಾ ಕಂಪ್ಯೂಟರಿನಲ್ಲೇ ಇದ್ದರೆ ಸರ್ವರ್ ಮಲಗಿದ್ದರೂ ತೂಕ ನಡೆಯುತ್ತದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಸುರಕ್ಷತೆಯದ್ದು. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಮುಚ್ಚಿಹೋಗುತ್ತದೆ. ಕರ್ನಲ್ ಡ್ರೈವರಿಗೆ ತಡೆಯೇ ಇಲ್ಲ. ಅದರಲ್ಲಿ ತಪ್ಪಿದ್ದರೆ ನೀಲಿ ಸ್ಕ್ರೀನ್, ಅದರಲ್ಲಿ ಕೇಡಿದ್ದರೆ ಇಡೀ ಕಂಪ್ಯೂಟರೇ ಬೇರೆಯವರ ಕೈಗೆ. ಎಲ್ಲರೂ ಬರೆಯಬಹುದಾದ ಫೋಲ್ಡರಿನಲ್ಲಿ ಇಂಥ ಫೈಲ್ ಇಟ್ಟರೆ ಯಾರು ಯಾವಾಗ ಬದಲಾಯಿಸಿದರು ಎಂದು ಹೇಗೆ ಗೊತ್ತಾಗಬೇಕು? 2021ರ ಪ್ರಿಂಟ್‌ನೈಟ್‌ಮೇರ್ ಎಂಬ ವಿಂಡೋಸ್ ಸುರಕ್ಷತಾ ಲೋಪ ನೆನಪಿದೆಯಾ? ಪ್ರಿಂಟರ್ ಡ್ರೈವರ್ ಎಂಬ ಹೆಸರಿನಲ್ಲಿ ದೂರದ ಶೇರ್‌ನಿಂದ ಕೆಟ್ಟ ಫೈಲನ್ನು ತರಿಸಿ, ವಿಂಡೋಸಿನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಮೂಲಕ ಸಿಸ್ಟಮ್ ಅಧಿಕಾರದಲ್ಲಿ ಓಡಿಸಲು ಅದು ದಾರಿ ಕೊಟ್ಟಿತ್ತು. ಆ ವರ್ಷ ಆಗಸ್ಟಿನ ಅಪ್‌ಡೇಟ್ ನಂತರ, ಪ್ರಿಂಟ್ ಸರ್ವರಿನಿಂದ ಡ್ರೈವರ್ ಹಾಕಿಕೊಳ್ಳಲು ಅಡ್ಮಿನ್ ಅಧಿಕಾರ ಬೇಕೆಂದು ಮೈಕ್ರೋಸಾಫ್ಟ್ ಬಿಗಿ ಮಾಡಿತು.

ಒಂದೇ ಕಡೆ ಬದಲಾಯಿಸಿದರೆ ಸಾಕು ಅಂದಿರಲ್ಲ, ಅದರ ಇನ್ನೊಂದು ಮುಖವನ್ನೂ ನೋಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಾಫ್ಟ್‌ವೇರ್ ಕಂಪನಿಯ ಕರ್ನಲ್ ಡ್ರೈವರ್ ಓದುವ ಒಂದು ಫೈಲ್ ತಪ್ಪಾಗಿ ಬಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದವು. ಎಷ್ಟೋ ಕಡೆ ಒಂದೊಂದು ಕಂಪ್ಯೂಟರ್ ಮುಂದೆಯೂ ಕೂತು ಸೇಫ್ ಮೋಡ್‌ನಲ್ಲಿ ಸರಿಮಾಡಬೇಕಾಯಿತು. ಅದಕ್ಕೇ ಹೊಸ ಡ್ರೈವರನ್ನು ಮೊದಲು ಒಂದು ಕಂಪ್ಯೂಟರಿಗೆ ಮಾತ್ರ ಹಾಕಿ, ಒಂದೆರಡು ದಿನ ತೂಕ ಸರಿಯಾಗಿ ಬರುತ್ತಿದೆಯಾ ನೋಡಿ, ಆಮೇಲೆ ಉಳಿದವಕ್ಕೆ.

ಸರಿ, ಮಾಡುವುದು ಹೇಗೆ? ಕೇಬಲ್ ತಯಾರಕರ ಡ್ರೈವರನ್ನು ಬಿಡಿಸಿ ಶೇರ್ಡ್ ಫೋಲ್ಡರಿನಲ್ಲಿ ಇಡಿ. ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಫೈಲ್ ಇರುತ್ತವೆ: ಡಾಟ್ ಐಎನ್‌ಎಫ್ (ಹೇಗೆ ಹಾಕಬೇಕೆಂಬ ಸೂಚನೆ), ಡಾಟ್ ಸಿಸ್ (ಡ್ರೈವರೇ), ಡಾಟ್ ಕ್ಯಾಟ್. ಕ್ಯಾಟ್ ಫೈಲಿನಲ್ಲಿ ಉಳಿದ ಫೈಲ್‌ಗಳ ಗುರುತು ಮತ್ತು ಸಹಿ ಇರುತ್ತದೆ. ಒಂದು ಬೈಟ್ ಬದಲಾದರೂ ಲೆಕ್ಕ ತಪ್ಪುತ್ತದೆ, ಹಾಗಾಗಿ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ಸುಮ್ನೆ ತಿದ್ದಬೇಡಿ. ಆಮೇಲೆ ಅಡ್ಮಿನ್ ಪ್ರಾಂಪ್ಟಿನಲ್ಲಿ ವಿಂಡೋಸಿಗೆ ಡ್ರೈವರ್ ಸೇರಿಸುವ ಪಿಎನ್‌ಪಿಯುಟಿಲ್ ಕಮಾಂಡ್ ಕೊಟ್ಟು, ಆಡ್-ಡ್ರೈವರ್ ಮತ್ತು ಇನ್‌ಸ್ಟಾಲ್ ಆಯ್ಕೆಗಳ ಜೊತೆ ಐಎನ್‌ಎಫ್‌ನ ಪಾತ್ ಹಾಕಿ. ಝಡ್ ಅಕ್ಷರ ಬೇಡ, ಸರ್ವರ್ ಹೆಸರಿನ ಪೂರ್ತಿ ಪಾತ್ ಕೊಡಿ. ವಿಂಡೋಸ್ ಸಹಿ ನೋಡಿ, ಫೈಲ್‌ಗಳನ್ನು ಸಿಸ್ಟಮ್ 32ರ ಒಳಗಿನ ಡ್ರೈವರ್ ಸ್ಟೋರ್‌ಗೆ ಕಾಪಿ ಮಾಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಡ್ರೈವರಿಗೆ ಸರ್ವರ್ ಬೇಕಿಲ್ಲ. ಸಹಿ ಸರಿಯಿಲ್ಲ ಅಂದರೆ ಸಹಿಯ ಕಟ್ಟುನಿಟ್ಟು ಸಡಿಲಿಸುವ ಟೆಸ್ಟ್ ಮೋಡ್ ಆನ್ ಮಾಡಿ ಎಂದು ಯಾರಾದರೂ ಹೇಳಬಹುದು. ದಯವಿಟ್ಟು ಮಾಡಬೇಡಿ, ಬೇರೆ ಕೇಬಲ್ ಕೊಳ್ಳಿ.

ಲಿನಕ್ಸ್ ಇಟ್ಟುಕೊಂಡವರಿಗೆ ಕಥೆ ಸ್ವಲ್ಪ ಬೇರೆ. ಅಲ್ಲಿ ಡ್ರೈವರ್‌ಗಳು ಸಾಮಾನ್ಯವಾಗಿ ಮಾಡ್ಯೂಲ್ ಎಂಬ ಫೈಲ್‌ಗಳಾಗಿರುತ್ತವೆ. ಇನ್ಸ್‌ಮಾಡ್ ಕಮಾಂಡ್ ಎನ್‌ಎಫ್‌ಎಸ್ ಶೇರ್‌ನಲ್ಲಿರುವ (ನೆಟ್‌ವರ್ಕಿನ ಶೇರ್ಡ್ ಫೋಲ್ಡರ್) ಮಾಡ್ಯೂಲನ್ನೂ ಲೋಡ್ ಮಾಡುತ್ತದೆ. ಇಡೀ ಮಾಡ್ಯೂಲ್ ಮೆಮೊರಿಗೆ ಬಂದ ಮೇಲೆ ನೆಟ್‌ವರ್ಕ್ ಕೇಬಲ್ ಕಿತ್ತರೂ ಅದು ಓಡುತ್ತದೆ. ಆದರೆ ಮಾಡ್ಯೂಲ್ ಕರ್ನಲ್ ವರ್ಷನ್‌ಗೆ ಹೊಂದಬೇಕು. ಕರ್ನಲ್ ಅಪ್‌ಡೇಟ್ ಆದ ಮರುದಿನ ಅದೇ ಫೈಲ್ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎನ್ನಬಹುದು. ಡಿಕೆಎಂಎಸ್ ಎಂಬ ಸಾಫ್ಟ್‌ವೇರ್ ಹಾಕಿದ್ದರೆ ಪ್ರತಿ ಹೊಸ ಕರ್ನಲ್‌ಗೂ ಮಾಡ್ಯೂಲನ್ನು ಅದೇ ಕಂಪ್ಯೂಟರಿನಲ್ಲೇ ಮತ್ತೆ ಕಟ್ಟಿಕೊಡುತ್ತದೆ. ಅಲ್ಲೂ ನನ್ನ ಸಲಹೆ ಇದೇ ದಾರಿ.

ಕೊನೆಗೆ ಶೇರ್‌ನ ಅನುಮತಿ. ಡ್ರೈವರ್ ಫೋಲ್ಡರನ್ನು ಬಿಲ್ಲು, ಎಕ್ಸೆಲ್ ಶೀಟ್ ಇಡುವ ಫೋಲ್ಡರಿನಿಂದ ಬೇರೆ ಮಾಡಿ. ಎಲ್ಲರಿಗೂ ಓದಲು ಮಾತ್ರ ಬಿಡಿ, ಬರೆಯುವ ಅಧಿಕಾರ ನಿಮ್ಮ ಅಡ್ಮಿನ್ ಅಕೌಂಟಿಗಷ್ಟೇ ಇರಲಿ. ಡೊಮೇನ್ (ಎಲ್ಲ ಕಂಪ್ಯೂಟರನ್ನೂ ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ) ಇದ್ದು, ಕಂಪ್ಯೂಟರ್ ಏಳುವಾಗ ತಾನೇ ಓಡುವ ಸ್ಟಾರ್ಟಪ್ ಸ್ಕ್ರಿಪ್ಟ್ ಮೂಲಕ ಪಿಎನ್‌ಪಿಯುಟಿಲ್ ಓಡಿಸುವುದಾದರೆ, ಆಗ ಶೇರ್‌ಗೆ ಬರುವುದು ಬಳಕೆದಾರರಲ್ಲ, ಕಂಪ್ಯೂಟರ್ ಅಕೌಂಟ್. ಹಾಗಾಗಿ ‘ಡೊಮೇನ್ ಕಂಪ್ಯೂಟರ್ಸ್’ ಗುಂಪಿಗೂ ಓದುವ ಅನುಮತಿ ಕೊಡಲು ಮರೆಯಬೇಡಿ.